ನಿಘಂಟಿನ ಬೆನ್ನು

ಆ ಮನೆಯಲ್ಲಿ ಕಾಗದ ಬಿಸಾಡುವಂತಿರಲಿಲ್ಲ. ಸಾಮಾನು ಕಟ್ಟಿಕೊಟ್ಟ ಕಾಗದ, ಹಳೆಯ ಕ್ಯಾಲೆಂಡರು, ಮಕ್ಕಳು ಬರೆದು ಮುಗಿಸಿದ ಕಾಪಿ ಪುಸ್ತಕ, ಯಾರದೋ ಮದುವೆಯ ಕರೆಯೋಲೆ, ಎಲ್ಲವೂ ಕೆಲಸದ ಮೇಜಿನ ಕೆಳಗಿದ್ದ ಮರದ ಪೆಟ್ಟಿಗೆಗೆ ಹೋಗುತ್ತಿದ್ದವು. ಅಲ್ಲಿಂದ ಒಂದೊಂದಾಗಿ ಹೊರಬಂದು, ಪಟ್ಟಿಪಟ್ಟಿಯಾಗಿ ಹರಿದು, ಅಂಟು ಬಳಿಸಿಕೊಂಡು ಯಾವುದೋ ಒಂದು ಪುಸ್ತಕದ ಬೆನ್ನಿಗೆ ಕೂರುತ್ತಿದ್ದವು. ಪುಸ್ತಕ ಕಟ್ಟುವವರ ಮನೆ ಅದು. ಹೊಲಿದ ಪುಸ್ತಕದ ಬೆನ್ನಿಗೆ ಮೊದಲು ತೆಳು ಬಟ್ಟೆ, ಅದರ ಮೇಲೆ ರದ್ದಿ ಕಾಗದ, ಅದರ ಮೇಲೆ ಕಂದು ಕಾಗದ, ಆಮೇಲೆ ರಟ್ಟು. ಹೊರಗಿನಿಂದ ನೋಡಿದವರಿಗೆ ಒಳಗೆ ಏನು ಕೂತಿದೆ ಎಂದು ತಿಳಿಯುವುದಿಲ್ಲ. ತಿಳಿಯಬೇಕಾದ ಅಗತ್ಯವೂ ಯಾರಿಗೂ ಬೀಳುವುದಿಲ್ಲ.

“ಕಾಗದ ಸುಟ್ಟರೆ ಕೈ ಸುಟ್ಟ ಹಾಗೆ” ಎನ್ನುತ್ತಿದ್ದಳು ಅಮ್ಮ. ಒಲೆ ಹೊತ್ತಿಸಲು ತೆಂಗಿನ ನಾರು ತರಿಸುತ್ತಿದ್ದಳೇ ಹೊರತು ಒಂದು ಚೂರು ಕಾಗದ ಮುಟ್ಟಿಸುತ್ತಿರಲಿಲ್ಲ.

ಬೀದಿಗೆಲ್ಲ ಅವಳು ಬೈಂಡಿಂಗಮ್ಮ. ಗಂಡ ತೀರಿಕೊಂಡಾಗ ಅವಳಿಗೆ ನಲವತ್ತೊಂದು. ದೊಡ್ಡ ಮಗನಿಗೆ ಹದಿನಾಲ್ಕು, ನಡುವಿನ ಮಗಳಿಗೆ ಹನ್ನೊಂದು, ಕಿರಿಯವಳು ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಗಂಡನ ತಮ್ಮಂದಿರು ಬಂದು, ಹೆಂಗಸರ ಕೈಯಲ್ಲಾಗುವ ಕೆಲಸವಲ್ಲ, ಅಂಗಡಿ ಬಾಗಿಲು ಮುಚ್ಚಿ ನಮ್ಮ ಜೊತೆ ಬಂದುಬಿಡಿ ಎಂದರು. ಅವಳು ಅಂಟಿನ ಪಾತ್ರೆ ಕಲಕುವುದನ್ನು ನಿಲ್ಲಿಸದೆ, “ಅಂಗಡಿ ಬಾಗಿಲು ಮುಚ್ಚಬಹುದು ಕಣಪ್ಪ, ಈ ಮೂರು ಬಾಯಿ ಮುಚ್ಚೋದು ಹೇಗೆ?” ಎಂದಳು. ಅವರು ಕಾಫಿ ಕುಡಿದು ಎದ್ದು ಹೋದರು.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿ ಮಾತ್ರ ಬರುತ್ತಿತ್ತು. ಪುಟದ ಸಂಖ್ಯೆ ನೋಡಿಕೊಂಡೇ ಸಾವಿರಾರು ಪುಸ್ತಕ ಕಟ್ಟಿದಳು. ಒಮ್ಮೆ ಯಾರೋ ಗಿರಾಕಿ ತಮಾಷೆಗೆ, “ಈ ಪುಸ್ತಕದಲ್ಲಿ ಏನಿದೆ ಬೈಂಡಿಂಗಮ್ಮ?” ಎಂದು ಕೇಳಿದ್ದಕ್ಕೆ, “ಒಂದರಿಂದ ಮುನ್ನೂರ ಇಪ್ಪತ್ತರವರೆಗೆ ಇದೆ ಸ್ವಾಮಿ, ನಡುವೆ ಏನೂ ಬಿಟ್ಟುಹೋಗಿಲ್ಲ” ಎಂದಳಂತೆ. ಆ ಮಾತು ಬೀದಿಯಲ್ಲಿ ಎಷ್ಟೋ ವರ್ಷ ಓಡಾಡಿತು.

ದೊಡ್ಡ ಮಗನಿಗೆ ವಿಷಮಜ್ವರ ಬಂದಾಗ ಮೇಜನ್ನೇ ಅವನ ಮಂಚದ ಪಕ್ಕಕ್ಕೆ ಎಳೆದುಕೊಂಡು, ಒಂದು ಕೈಯಲ್ಲಿ ಒದ್ದೆ ಬಟ್ಟೆ ಒಂದು ಕೈಯಲ್ಲಿ ಸೂಜಿ ಹಿಡಿದು ಮೂರು ವಾರ ಕೂತವಳು ಅವಳು. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳ ಕೆರೆದು ಉಣ್ಣುವವಳು. ಅವಳ ವಿಷಯ ಹೇಳುವಾಗ ಯಾರೂ ದನಿ ಏರಿಸುತ್ತಿರಲಿಲ್ಲ. ಇಂಥ ತಾಯಿ ಎಲ್ಲರಿಗೂ ಸಿಗೋದಿಲ್ಲ ಎನ್ನುತ್ತಿದ್ದರು. ಸುಳ್ಳಲ್ಲ.

ನಡುವಿನ ಮಗಳನ್ನು ಎಲ್ಲರೂ ಕರೆಯುವುದು ಸೂಜಿ ಎಂದೇ. ತೆಳ್ಳಗಿದ್ದಳು, ಮಾತು ಚುಚ್ಚುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅವಳ ಹೊಲಿಗೆ ಅಂಥದ್ದು. ಹನ್ನೆರಡನೇ ವಯಸ್ಸಿಗೆ ಅಮ್ಮನ ಪಕ್ಕ ಕೂತವಳು ಅರವತ್ತೊಂದಾದರೂ ಅದೇ ಮೇಜಿನ ಮುಂದೆಯೇ ಇದ್ದಳು. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಬಂದ ದಾರಿ ಹಿಡಿದು ಹೋಯಿತು. ಅಣ್ಣ ನ್ಯಾಯಾಲಯದಲ್ಲಿ ಗುಮಾಸ್ತನಾದ, ಬೇರೆ ಮನೆ ಮಾಡಿದ. ತಂಗಿ ನರ್ಸಿಂಗ್ ಓದಿ ದೊಡ್ಡ ಆಸ್ಪತ್ರೆಯಲ್ಲಿ ವಾರ್ಡಿನ ಹಿರಿಯಳಾದಳು. ಅಮ್ಮ ಹಾಸಿಗೆ ಹಿಡಿದ ಕೊನೆಯ ಹನ್ನೊಂದು ವರ್ಷ ಅವಳ ಮೈ ಒರೆಸಿದವಳು, ಬಾಯಿಗೆ ತುತ್ತಿಟ್ಟವಳು ಸೂಜಿ. ಅಮ್ಮ ಅವಳ ತೋರುಬೆರಳು ಹಿಡಿದುಕೊಂಡು, “ದೇವರು ನಿನ್ನನ್ನ ನನಗೋಸ್ಕರ ಉಳಿಸಿದ ಕಣೇ” ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಸೂಜಿ ಅಮ್ಮನ ಹೊದಿಕೆ ಸರಿಮಾಡುತ್ತಿದ್ದಳು. ಬಾಳಿನಲ್ಲಿ ಅವಳಿಗೆ ಸಿಕ್ಕ ಬಹುಮಾನ ಅದೊಂದೇ. ಅದನ್ನು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಳು.

ತೊಂಬತ್ತೊಂದಕ್ಕೆ ಅಮ್ಮ ಹೋದಳು. ಹೋಗಿ ಎರಡು ತಿಂಗಳಾದ ಮೇಲೆ ಅಣ್ಣನ ಮಗಳು ಬಂದಳು. ಅವಳು ಶಾಲೆಯಲ್ಲಿ ಟೀಚರು. ಬಂದವಳೇ ಸೂಜಿಯ ಮುಂದೆ ಒಂದು ಕಟ್ಟು ಒಳ್ಳೆಯ ಕಾಗದ ಇಟ್ಟಳು.

“ಅತ್ತೆ, ಅಜ್ಜಿ ಬಗ್ಗೆ ಒಂದು ಪುಸ್ತಕ ಮಾಡೋಣ. ಮನೆಯವರು ಒಬ್ಬೊಬ್ಬರು ಒಂದೊಂದು ಹಾಳೆ ಕೈಯಾರೆ ಬರೆದುಕೊಡಬೇಕು. ನೀವು ಕಟ್ಟಿಕೊಡಬೇಕು. ಮುಂದಿನ ತಿಂಗಳು ಮೊದಲ ಭಾನುವಾರ ಎಲ್ಲರೂ ಸೇರಿದಾಗ ಓದೋದು.”

“ಓದೋಕೆ ಬಾರದವಳಿಗೆ ಪುಸ್ತಕ” ಎಂದಳು ಸೂಜಿ. “ಪುಟದ ಸಂಖ್ಯೆ ಮರೀಬೇಡ, ಇಲ್ಲದಿದ್ರೆ ಮೇಲಿಂದಲೇ ಬೈತಾಳೆ.”

ಹುಡುಗಿ ನಕ್ಕಳು. ಹಾಳೆಗಳು ಒಂದೊಂದಾಗಿ ಬರತೊಡಗಿದವು. ಸೂಜಿಯೂ ತನ್ನದನ್ನು ಬರೆದಳು. ಮೂರು ಬೆಳಿಗ್ಗೆ ಕೂತು ಬರೆದದ್ದು ಎಂಟೇ ಸಾಲು. ಕೊನೆಯ ಸಾಲು, ‘ದೇವರು ನನ್ನನ್ನು ಅವಳಿಗೋಸ್ಕರ ಉಳಿಸಿದ, ಅಷ್ಟು ಸಾಕು’ ಎಂದಿತ್ತು. ಒಟ್ಟು ಹನ್ನೆರಡು ಹಾಳೆ. ಬಿಡಿ ಹಾಳೆಯನ್ನು ಹಾಗೇ ಹೊಲಿಯಲು ಬರುವುದಿಲ್ಲ. ಎರಡೆರಡನ್ನು ತೆಳು ಕಾಗದದ ಪಟ್ಟಿಯಿಂದ ಜೋಡಿ ಮಾಡಿ, ಆ ಪಟ್ಟಿಯನ್ನು ಮಡಿಸಿ, ಮಡಿಕೆಯಲ್ಲಿ ಸೂಜಿ ಹಾಯಿಸಬೇಕು. ಜೋಡಿಯಲ್ಲಿ ಒಂದನ್ನು ಕಿತ್ತರೆ ಇನ್ನೊಂದಕ್ಕೂ ಹಿಡಿತ ತಪ್ಪುತ್ತದೆ. ಅಣ್ಣ ತನ್ನ ಹಾಳೆ ಕೊಡಲು ಬಂದವನು, “ನಂದು ನಿನ್ನ ಹಾಳೆ ಜೊತೆ ಜೋಡಿ ಮಾಡು ಕಣೇ. ಕೊನೇವರೆಗೂ ಅಮ್ಮನ ಹತ್ತಿರ ಇದ್ದವಳು ನೀನು” ಎಂದ. ಸೂಜಿಗೆ ಅದೂ ಬಹುಮಾನವೇ ಅನ್ನಿಸಿತು.

ಭಾನುವಾರಕ್ಕೆ ನಾಲ್ಕು ದಿನ ಇರುವಾಗ ಗ್ರಂಥಾಲಯದ ಜವಾನ ಒಂದು ನಿಘಂಟನ್ನು ಎದೆಗೆ ಅವುಚಿಕೊಂಡು ಬಂದ. ನಾಲ್ಕು ಬೆರಳು ದಪ್ಪ, ಒಂದೂವರೆ ಗೇಣು ಎತ್ತರ. ರಟ್ಟಿನ ಅಂಚು ಸವೆದಿತ್ತು.

“ನಿಮ್ಮ ಅಮ್ಮನ ಕೈದೇ ನೋಡಿ ಅಕ್ಕ. ನಲವತ್ತೆರಡು ವರ್ಷದ ಕೆಳಗೆ ಕಟ್ಟಿದ್ದು. ಎಷ್ಟು ಮಕ್ಕಳು ಎಳೆದಾಡಿದ್ರೂ ಒಂದು ಹಾಳೆ ಬಿದ್ದಿಲ್ಲ. ಮೇಲಿನ ಬಟ್ಟೆ ಮಾತ್ರ ಹೋಗಿದೆ.”

“ಅಮ್ಮ ಹೇಳೋಳು, ಕಟ್ಟಿದ ಪುಸ್ತಕ ಒಂದು ದಿನ ತವರಿಗೆ ಬಂದೇ ಬರುತ್ತೆ ಅಂತ.”

“ನಿಮಗಾದ್ರೂ ತವರಿದೆ” ಎಂದ ಜವಾನ. “ನಾವು ಬೆನ್ನು ಬಿಚ್ಚಿಕೊಂಡರೆ ಯಾರ ಮನೆಗೆ ಹೋಗೋಣ?” ಸೊಂಟ ಹಿಡಿದುಕೊಂಡು ನಗುತ್ತಾ ಹೋದ.

ಮರುದಿನ ಬೆಳಿಗ್ಗೆ ಸೂಜಿ ನಿಘಂಟನ್ನು ಮೇಜಿನ ಮೇಲೆ ಬೆನ್ನು ಮೇಲಾಗಿ ನಿಲ್ಲಿಸಿದಳು. ಚಾಕುವಿನಿಂದ ಬಟ್ಟೆ ಬಿಡಿಸಿದಳು. ಒದ್ದೆ ಬಟ್ಟೆ ಹೊದಿಸಿ, ಅಂಟು ಮೆತ್ತಗಾಗಲು ಬಿಟ್ಟು, ಆ ಹೊತ್ತಿನಲ್ಲಿ ಚಹಾ ಕುಡಿದು ಬಂದಳು. ಕಂದು ಕಾಗದ ಸಿಪ್ಪೆಯ ಹಾಗೆ ಎದ್ದು ಬಂತು. ಅಮ್ಮನ ಅಂಟಿನ ವಾಸನೆ. ಹುಳ ಬೀಳದಿರಲಿ ಎಂದು ಅವಳು ಅದಕ್ಕೆ ಮೈಲುತುತ್ತ ಹಾಕುತ್ತಿದ್ದಳು. ಸೂಜಿ ಒಂದು ಗಳಿಗೆ ಕಣ್ಣು ಮುಚ್ಚಿ ಕೂತಳು.

ಕಂದು ಕಾಗದದ ಕೆಳಗೆ ಪಟ್ಟಿಗಳಿರಬೇಕಿತ್ತು. ಇರಲಿಲ್ಲ. ಒಂದೇ ಒಂದು ಕಾಗದವಿತ್ತು, ಹರಿಯದೆ, ನಿಲುವಾಗಿ ಮೂರು ಮಡಿಕೆ ಮಾಡಿದ್ದು. ಹೊರಮೈಗಷ್ಟೇ ಅಂಟು. ನಿಘಂಟಿನ ಬೆನ್ನಿಗೆ ಅಳತೆ ತೆಗೆದಂತೆ ಕೂತಿತ್ತು. ಅಮ್ಮ ರದ್ದಿಯನ್ನು ಹೀಗೆ ಇಡೀದಾಗಿ ಅಂಟಿಸಿದ್ದನ್ನು ಸೂಜಿ ಎಂದೂ ನೋಡಿರಲಿಲ್ಲ. ಇಡೀ ಕಾಗದ ಬೆನ್ನಿಗೆ ಬಿಗಿ, ಪಟ್ಟಿಯೇ ಹಿತ ಎಂದು ಕಲಿಸಿದವಳೇ ಅವಳು. ಮಡಿಕೆ ತೀಡುವ ಮೂಳೆಯ ಪಟ್ಟಿಯಿಂದ ಮೆಲ್ಲಗೆ ಎತ್ತಿ, ಸೂಜಿ ಅದನ್ನು ಮೇಜಿನ ಮೇಲೆ ಬಿಡಿಸಿದಳು.

ಮೇಲೆ ಶಿಕ್ಷಕಿಯರ ತರಬೇತಿ ಶಾಲೆಯ ಮುದ್ರೆ. ಕೆಳಗೆ ಅವಳದೇ ಹೆಸರು, ಅಪ್ಪನ ಹೆಸರು, ಈ ಬೀದಿ, ಈ ಮನೆ. ‘ತಮ್ಮನ್ನು ಎರಡು ವರ್ಷದ ತರಬೇತಿಗೆ ಆಯ್ಕೆ ಮಾಡಲಾಗಿದೆ. ವಸತಿ ಮತ್ತು ಊಟ ಶಾಲೆಯದು. ತಾವು ಇದೇ ತಿಂಗಳ ಹನ್ನೊಂದನೇ ತಾರೀಖಿನೊಳಗೆ ಬಂದು ಸೇರತಕ್ಕದ್ದು. ತರಬೇಕಾದ ವಸ್ತುಗಳು: ಎರಡು ಜೊತೆ ಬಟ್ಟೆ, ಒಂದು ತಟ್ಟೆ, ಒಂದು ಲೋಟ, ಒಂದು ಹೊದಿಕೆ, ಒಂದು ಬೀಗ.’

ಅವಳು ಓದಿದಳು. ಮತ್ತೆ ಓದಿದಳು. ಹೊರಗೆ ತರಕಾರಿ ಗಾಡಿಯವನು ಕೂಗಿ ಹೋದ. ಒದ್ದೆ ಬಟ್ಟೆಯ ನೀರು ಮೇಜಿನಂಚಿನಿಂದ ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಕಾಲು ಸರಿಸಿಕೊಳ್ಳಬೇಕೆಂದೂ ತೋಚಲಿಲ್ಲ.

ಹತ್ತೊಂಬತ್ತನೇ ವಯಸ್ಸು. ಬೆಳಗಿನಿಂದ ಸಂಜೆವರೆಗೆ ಹೊಲಿದು, ಮಧ್ಯೆ ಸಿಕ್ಕ ಹೊತ್ತಿನಲ್ಲಿ ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಪರೀಕ್ಷೆ ಪಾಸು ಮಾಡಿದ್ದಳು. ಅಮ್ಮನೇ ಅರ್ಜಿಯ ಮೂಲೆಗೆ ಭಾವಚಿತ್ರ ಅಂಟಿಸಿಕೊಟ್ಟಿದ್ದಳು, ನೆಟ್ಟಗೆ, ಒಂದು ಕೂದಲೆಳೆ ಓರೆಯಾಗದಂತೆ. ಆಯ್ಕೆಯಾದವರು ಏನೇನು ತರಬೇಕು ಎಂದು ಅಲ್ಲಿ ಓದಿ ಬಂದವರು ಯಾರೋ ಮೊದಲೇ ಹೇಳಿದ್ದರು. ಸೂಜಿ ಒಂದು ಸ್ಟೀಲಿನ ಲೋಟ, ಒಂದು ತಟ್ಟೆ, ಒಂದು ಬೀಗ ಹೊಂದಿಸಿ ಗೂಡಿನಲ್ಲಿಟ್ಟಿದ್ದಳು. ಎರಡು ತಿಂಗಳು ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಕೈಯಲ್ಲಿನ ದಾರ ಗಂಟು ಬೀಳುತ್ತಿತ್ತು. ಕಾಗದ ಬರಲಿಲ್ಲ.

ಆಮೇಲೆ ಒಂದು ದಿನ ಅಮ್ಮ ತಾನಾಗಿಯೇ ಎದ್ದು ಕೈ ತೊಳೆದುಕೊಂಡು, “ಬಾ ಮಗಳೇ, ಅಂಚೆ ಕಚೇರಿಗೇ ಹೋಗಿ ಕೇಳಿಬಿಡೋಣ” ಎಂದಳು. ದಾರಿಯುದ್ದಕ್ಕೂ ಸೂಜಿಯ ಕೈ ಹಿಡಿದುಕೊಂಡಿದ್ದಳು. ಕಿಟಕಿಯ ಮುಂದೆ ನಿಂತು, “ನೋಡಿ ಸ್ವಾಮಿ, ಇನ್ನೊಂದು ಸಲ ನೋಡಿ, ಮಗು ಕಾಯ್ತಾ ಇದೆ” ಎಂದು ಬೇಡಿಕೊಂಡಳು. ಕಿಟಕಿಯವನು ಎರಡು ಸಲ ಹುಡುಕಿದ. ವಾಪಸು ಬರುವಾಗ ಅಮ್ಮ, “ಹಣೇಲಿ ಬರೆದದ್ದು ಅಷ್ಟೇ ಅಂದುಕೋ. ನನ್ನ ಹತ್ತಿರ ಇರು” ಎಂದಳು. ಸೂಜಿ ಅಮ್ಮನ ಹೆಗಲಿಗೆ ಮುಖ ಒತ್ತಿ ಅತ್ತಿದ್ದಳು. ಅಮ್ಮನೂ ಅತ್ತಿದ್ದಳು.

ಹತ್ತು ವರ್ಷದ ಮೇಲೆ ತಂಗಿಗೆ ನರ್ಸಿಂಗ್ ಶಾಲೆಯಿಂದ ಕರೆ ಬಂದಾಗ ಅಮ್ಮ ಗೂಡಿನಿಂದ ಆ ಲೋಟ, ತಟ್ಟೆ, ಬೀಗ ಇಳಿಸಿ, “ಸುಮ್ಮನೆ ಕೂತಿವೆ, ನೀನು ತಗೊಂಡು ಹೋಗು” ಎಂದು ಕೊಟ್ಟಳು. ಆಗಲೂ ಸೂಜಿಗೆ ಏನೂ ಅನ್ನಿಸಿರಲಿಲ್ಲ. ಸದ್ಯ ಯಾರಿಗಾದರೂ ಉಪಯೋಗಕ್ಕೆ ಬಂತಲ್ಲ ಎಂದುಕೊಂಡಿದ್ದಳು.

ಈಗ ಅವಳು ಒಂದೇ ಒಂದು ಎಳೆ ಹಿಡಿದುಕೊಂಡಳು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಕಾಗದ ಬಂದಿರಬೇಕು, ಅವಳು ಅದನ್ನು ರದ್ದಿ ಅಂದುಕೊಂಡಿರಬೇಕು, ಪೆಟ್ಟಿಗೆಗೆ ಹಾಕಿರಬೇಕು. ಹಾಗಿದ್ದರೆ ಅಮ್ಮ ಅಮ್ಮನಾಗಿಯೇ ಉಳಿಯುತ್ತಾಳೆ. ನಲವತ್ತೆರಡು ವರ್ಷ ಒಂದು ತಪ್ಪಿನಿಂದ ಹೋಯಿತು ಅಷ್ಟೇ. ತಪ್ಪಿನಿಂದ ಹೋದದ್ದನ್ನು ಹೇಗೋ ನುಂಗಿಕೊಳ್ಳಬಹುದು. ಆದರೆ ರದ್ದಿ ಅಂದುಕೊಂಡಿದ್ದರೆ ಹರಿಯಲಿಲ್ಲ ಯಾಕೆ? ಅಂಗಡಿಯಲ್ಲಿದ್ದ ಎಲ್ಲ ಪುಸ್ತಕ ಬಿಟ್ಟು, ಹರಿಯದೆ ಮಡಿಸಿಡಲು ಬರುವಂಥ ಅತಿ ದಪ್ಪದ್ದನ್ನೇ ಆರಿಸಿದಳು ಯಾಕೆ?

ಅಮ್ಮನಿಗೆ ಬಂದ ಕಾಗದಗಳನ್ನು ಓದಿ ಹೇಳುತ್ತಿದ್ದವರು ಇಬ್ಬರೇ. ಒಬ್ಬಳು ಸೂಜಿ. ಇನ್ನೊಬ್ಬ ಅಣ್ಣ. ಆಗ ತಂಗಿ ಒಂಬತ್ತು ವರ್ಷದ ಕೂಸು.

ಶುಕ್ರವಾರ ಬೆಳಿಗ್ಗೆ ಸೂಜಿ ಅಣ್ಣನ ಮನೆಗೆ ಹೋದಳು. ಅವನು ಹಿಂದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯುತ್ತಾ ಪತ್ರಿಕೆ ಓದುತ್ತಿದ್ದ. ಅತ್ತಿಗೆ ಹಾಲಿನಂಗಡಿಗೆ ಹೋಗಿದ್ದಳು.

“ಏನೇ ಸೂಜಿ, ದಾರಿ ತಪ್ಪಿ ಬಂದ್ಯಾ? ಕೂತ್ಕೋ. ಪುಸ್ತಕ ಆಯ್ತಾ?”

“ಒಂದು ಹಾಳೆ ಉಳಿದಿದೆ.” ಅವಳು ಕೂರಲಿಲ್ಲ. ಕಾಗದವನ್ನು ಅವನ ಪತ್ರಿಕೆಯ ಮೇಲಿಟ್ಟಳು.

ಅಣ್ಣ ಕನ್ನಡಕ ಸರಿಮಾಡಿಕೊಂಡ. ಮೊದಲ ಸಾಲಿಗಿಂತ ಮುಂದೆ ಅವನ ಕಣ್ಣು ಹೋಗಲಿಲ್ಲ. ಓದುವ ಅಗತ್ಯವಿಲ್ಲದವನ ಹಾಗೆ ಕಾಗದವನ್ನು ಬರೀ ಹಿಡಿದುಕೊಂಡ. ಅಷ್ಟರಲ್ಲೇ ಸೂಜಿಗೆ ಗೊತ್ತಾಯಿತು. ಆದರೂ ಅವನ ಬಾಯಿಂದ ಬರಲಿ ಎಂದು ಕಾದಳು.

“ಎಲ್ಲಿ ಸಿಕ್ತು?”

“ಗ್ರಂಥಾಲಯದ ನಿಘಂಟಿನ ಬೆನ್ನಲ್ಲಿ.”

“ಸುಟ್ಟುಹಾಕು ಅಂದಿದ್ದೆ” ಎಂದ. ಅಂದಮೇಲೆ ಅವನಿಗೇ ತಾನೇನು ಅಂದೆ ಎಂದು ತಿಳಿಯಿತು. ಪತ್ರಿಕೆ ತೊಡೆಯಿಂದ ಜಾರಿ ಬಿತ್ತು.

“ಅಮ್ಮ ಕಾಗದ ಸುಡೋಳಲ್ಲ. ನಿನಗೆ ಗೊತ್ತಿರಬೇಕಿತ್ತು.”

ಪಕ್ಕದ ಮನೆಯವರು ಬಕೆಟ್ಟಿಗೆ ನೀರು ಬಿಟ್ಟುಕೊಳ್ಳುವ ಸದ್ದು ಕೇಳುತ್ತಿತ್ತು. ಅಣ್ಣ ಬಿದ್ದ ಪತ್ರಿಕೆ ಎತ್ತಿ ಮಡಿಸಿದ.

“ಆಗ ನನಗೆ ಇಪ್ಪತ್ತೆರಡು ಕಣೇ.”

“ನನಗೆ ಹತ್ತೊಂಬತ್ತು.”

“ನಾನು ಕಾಲೇಜು ಮುಗಿಸಬೇಕಿತ್ತು. ನೀನು ಹೋಗಿದ್ರೆ ಮೇಜಿನ ಮುಂದೆ ನಾನು ಕೂರಬೇಕಾಗ್ತಿತ್ತು. ಅಮ್ಮನ ಕಣ್ಣಿಗೆ ಆಗಲೇ ದಾರ ಸರಿಯಾಗಿ ಕಾಣ್ತಿರಲಿಲ್ಲ. ಮನೇಲಿ ಹೊಲಿಗೆ ಕೈ ಅಂದ್ರೆ ನಿಂದೊಂದೇ.”

“ನೀನು ಓದಿ ಹೇಳಿದ್ಯಾ?”

“ಓದಿದೆ. ನೀನು ಪೇಟೆಗೆ ದಾರ ತರೋಕೆ ಹೋಗಿದ್ದಾಗ ಬಂದಿತ್ತು. ಅವಳು ಇನ್ನೊಂದು ಸಲ ಓದು ಅಂದಳು. ಓದಿದೆ. ಆ ತಟ್ಟೆ, ಲೋಟ ಬಂದಾಗ ಸ್ವಲ್ಪ ಹೊತ್ತು ತಲೆ ಬಗ್ಗಿಸಿಕೊಂಡಿದ್ದಳು. ಆಮೇಲೆ, ಎಷ್ಟನೇ ತಾರೀಖಿನೊಳಗೆ ಹೋಗಬೇಕಂತೆ ಅಂತ ಕೇಳಿದಳು. ಹನ್ನೊಂದು ಅಂದೆ.”

 ಅದೇ ತಿಂಗಳು ಊರಿನ ಶಾಲೆಯೊಂದಕ್ಕೆ ಗೋಡೆಗೆ ತೂಗುಹಾಕುವ ನಕ್ಷೆಗಳನ್ನು ಒಪ್ಪಿಸಿದ ದಿನ ಸೂಜಿಗೆ ನೆನಪಿತ್ತು. ನಲವತ್ತು ನಕ್ಷೆಗೆ ಬಟ್ಟೆ ಹಚ್ಚಿದ್ದರು. ಹನ್ನೆರಡನೇ ತಾರೀಖಿಗೆ ಕೊಡಬೇಕು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದವಳೇ ಅಮ್ಮ. ಬೆಳಿಗ್ಗೆ ನಕ್ಷೆ ಒಪ್ಪಿಸಿ ಬಂದಳು, ಆ ಅಂಕಿ ಅಳಿಸಿದಳು, ಕೈ ತೊಳೆದುಕೊಂಡಳು, ಬಾ ಮಗಳೇ ಎಂದಳು.

“ಹನ್ನೆರಡಕ್ಕೆ ನನ್ನ ಕೈ ಹಿಡ್ಕೊಂಡು ಅಂಚೆ ಕಚೇರಿಗೆ ಕರ್ಕೊಂಡು ಹೋದಳು” ಎಂದಳು ಸೂಜಿ. “ಹನ್ನೊಂದು ಮುಗಿಯೋವರೆಗೂ ಕಾದಿದ್ದಳು.”

“ಅದು ನನಗೆ ಗೊತ್ತಿಲ್ಲ.”

“ಅಲ್ಲಿ ನಿಂತು ಬೇಡ್ಕೊಂಡಳು ಅಣ್ಣ. ಮಗು ಕಾಯ್ತಾ ಇದೆ, ನೋಡಿ ಸ್ವಾಮಿ ಅಂತ. ಅವನು ಪಾಪ ಎರಡೆರಡು ಸಲ ಹುಡುಕಿದ.”

ಅಣ್ಣ ಮುಖ ಒರೆಸಿಕೊಂಡ. “ಮೂರು ಮಕ್ಕಳನ್ನ ಸಾಕಿದ ತಾಯಿ ಅವಳು. ಒಬ್ಬರನ್ನ ಹಿಡಿದಿಟ್ಟುಕೊಳ್ಳದಿದ್ರೆ ಮೂವರೂ ಮುಳುಗ್ತಿದ್ವಿ ಅಂತ ಲೆಕ್ಕ ಹಾಕಿರಬೇಕು. ಹೋದವಳನ್ನ ಈಗ ಯಾಕೆ ಎಬ್ಬಿಸ್ತೀಯ? ಹೊಟ್ಟೆಗೆ ಹಾಕ್ಕೋ.”

“ಕೇಳಿದ್ರೆ ನಾನೇ ಉಳಿದುಕೊಳ್ತಿದ್ದೆ” ಎಂದಳು ಸೂಜಿ. “ಉಳಿ ಅಂತ ಒಂದು ಮಾತು ಅಂದಿದ್ರೆ ಉಳೀತಿದ್ದೆ. ಆ ಒಂದು ಮಾತೂ ನನಗೆ ಕೊಡಲಿಲ್ಲ ನೀವು.”

“ಭಾನುವಾರ ಇದನ್ನೆಲ್ಲ ತೆಗೀಬೇಡ ಕಣೇ. ಮಕ್ಕಳೆಲ್ಲ ಇರ್ತಾರೆ. ಅಜ್ಜಿ ಅಂದ್ರೆ ಪ್ರಾಣ ಬಿಡ್ತಾರೆ.”

“ನಾನು ಬಾಯಿ ಬಿಡಲ್ಲ” ಎಂದಳು. ಕಾಗದ ತೆಗೆದುಕೊಂಡು, ಅತ್ತಿಗೆ ಹಾಲು ಹಿಡಿದು ಬರುವ ಮೊದಲೇ ಹೊರಟಳು.

ದಾರಿಯಲ್ಲಿ ಅವಳಿಗೆ ಅಳು ಬರಲಿಲ್ಲ. ಬಂದದ್ದು ಬರೀ ಲೆಕ್ಕವಿಲ್ಲದ ನೆನಪುಗಳು, ಒಂದೊಂದೂ ಬುಡ ಮೇಲಾಗಿ. ಅಮ್ಮ ತಟ್ಟೆಗೆ ಎರಡನೇ ಸಲ ಬಡಿಸುತ್ತಿದ್ದದ್ದು ಅವಳಿಗೆ ಮಾತ್ರ. ತಲೆಗೆ ಎಣ್ಣೆ ಹಚ್ಚುತ್ತಿದ್ದದ್ದು ಅವಳಿಗೆ ಮಾತ್ರ. ಎರಡನೇ ಸಲ ಬಂದ ವರನಿಗೆ ಕಾಲು ಸ್ವಲ್ಪ ಎಳೆಯುತ್ತದೆ ಎಂದು ಮೊದಲು ಕಂಡುಹಿಡಿದವಳೂ ಅಮ್ಮನೇ. ಆಗ ಅದು ಅಕ್ಕರೆ ಅನ್ನಿಸಿತ್ತು. ಬೇಲಿ ತನ್ನನ್ನು ಕಾಯುತ್ತಿದೆ ಎಂದು ಹೊಲ ನಂಬಿಕೊಂಡ ಹಾಗೆ ಅವಳು ನಂಬಿಕೊಂಡಿದ್ದಳು. ದೇವರು ಉಳಿಸಿದ ಎನ್ನುತ್ತಿದ್ದಳು ಅಮ್ಮ, ಬೆರಳು ಹಿಡಿದುಕೊಂಡು, ಕಣ್ಣಲ್ಲಿ ಕಣ್ಣಿಟ್ಟು. ಉಳಿಸಿದ್ದು ದೇವರಲ್ಲ. ಅದು ಗೊತ್ತಿದ್ದೂ ಹನ್ನೊಂದು ವರ್ಷ ಪ್ರತಿದಿನ ಆ ಮಾತು ಹೇಳುವುದು ಹೇಗೆ ಸಾಧ್ಯವಾಯಿತೋ. ಆ ಬಾಯಿಗೇ ಅವಳು ಗಂಜಿ ಊದಿ ಊದಿ ಕುಡಿಸಿದ್ದಳು.

ಶನಿವಾರ ಬೆಳಿಗ್ಗೆ ಅವಳು ಅಂಟು ಕಾಯಿಸಿದಳು. ಮೊದಲು ನಿಘಂಟು. ಅದನ್ನು ಸೋಮವಾರ ಕೊಡಬೇಕಿತ್ತು. ಬೆನ್ನಿಗೆ ಹೊಸ ತೆಳು ಬಟ್ಟೆ ಹಚ್ಚಿ, ರದ್ದಿ ಕಾಗದಕ್ಕೆ ಪೆಟ್ಟಿಗೆಗೆ ಕೈ ಹಾಕಿದವಳು ಹಿಂದಕ್ಕೆ ತೆಗೆದಳು. ಮೇಜಿನ ಮೇಲೆ ತಾನು ಮೂರು ಬೆಳಿಗ್ಗೆ ಕೂತು ಬರೆದ ಎಂಟು ಸಾಲಿನ ಹಾಳೆಯಿತ್ತು. ಅಮ್ಮ ಕಲಿಸಿದ ಹಾಗೆಯೇ ಕಾಗದದ ಎಳೆ ನೋಡಿಕೊಂಡು ಅದನ್ನು ಪಟ್ಟಿಪಟ್ಟಿಯಾಗಿ ಹರಿದಳು. ಒಂದು ಪಟ್ಟಿಯಲ್ಲಿ ‘ದೇವರು’ ಉಳಿಯಿತು, ಇನ್ನೊಂದರಲ್ಲಿ ‘ಅಷ್ಟು ಸಾಕು’. ಅಂಟು ಬಳಿದು ನಿಘಂಟಿನ ಬೆನ್ನಿಗೆ ಹಚ್ಚಿದಳು, ಮೂಳೆಯ ಪಟ್ಟಿಯಿಂದ ಉಜ್ಜಿ ಗಾಳಿ ತೆಗೆದಳು, ಮೇಲೆ ಕಂದು ಕಾಗದ ಮುಚ್ಚಿದಳು. ಕಾಗದ ಬಿಸಾಡುವಂತಿಲ್ಲವಲ್ಲ.

ಆಮೇಲೆ ಮನೆಯ ಪುಸ್ತಕ. ಹನ್ನೊಂದು ಹಾಳೆಗಳನ್ನು ಜೋಡಿ ಮಾಡುವಾಗ ಒಂದೊಂದನ್ನೂ ಓದಿದಳು. ತಂಗಿ ಬರೆದಿದ್ದಳು, ‘ನಾನು ಹಾಸ್ಟೆಲಿಗೆ ಹೊರಟ ದಿನ ಅಮ್ಮ ನನ್ನ ಕೈಗೆ ಹೊಸ ಲೋಟ, ತಟ್ಟೆ, ಬೀಗ ಕೊಟ್ಟು ಕಳಿಸಿದಳು. ಅವಳು ಅದನ್ನು ಯಾವಾಗ ಕೂಡಿಟ್ಟಿದ್ದಳೋ ನಾ ಕಾಣೆ.’ ಅಣ್ಣ ಬರೆದಿದ್ದ, ‘ನಮ್ಮ ಅಮ್ಮ ಓದಿದವಳಲ್ಲ. ಆದರೆ ತೊಂಬತ್ತೊಂದು ವರ್ಷದಲ್ಲಿ ಒಬ್ಬರಿಗೂ ಒಂದು ಸುಳ್ಳು ಹೇಳಲಿಲ್ಲ, ಒಬ್ಬರನ್ನೂ ವಂಚಿಸಲಿಲ್ಲ.’ ದುಂಡಗಿನ ಗುಮಾಸ್ತರ ಅಕ್ಷರ. ಒಂದು ಕಡೆಯೂ ಕೈ ನಡುಗಿರಲಿಲ್ಲ.

ಆ ಹಾಳೆಗೆ ಜೋಡಿ ಉಳಿದಿರಲಿಲ್ಲ. ಸೂಜಿ ತರಬೇತಿ ಶಾಲೆಯ ಕಾಗದವನ್ನು ತೊಳೆದು, ಎರಡು ಹೀರುಕಾಗದಗಳ ನಡುವೆ ಒಣಗಿಸಿ, ಅದರ ಅಂಚು ಕತ್ತರಿಸದೆ, ಪಟ್ಟಿ ಹಚ್ಚಿ ಅಣ್ಣನ ಹಾಳೆಗೆ ಕೂಡಿಸಿದಳು. ದಬ್ಬಳದಿಂದ ಐದು ತೂತು ಚುಚ್ಚಿದಳು. ದಾರಕ್ಕೆ ಮೇಣ ಹಚ್ಚಿದಳು. ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ, ಪ್ರತಿ ತಿರುವಿಗೂ ಒಂದು ಕುಣಿಕೆ. ಹನ್ನೆರಡು ವರ್ಷದ ಹುಡುಗಿಯ ಹಿಂದೆ ಕೂತು, ತನ್ನ ಕೈಯೊಳಗೆ ಅವಳ ಕೈ ಹಿಡಿದು ಅಮ್ಮ ಕಲಿಸಿದ್ದ ಹೊಲಿಗೆ ಅದು.

ಭಾನುವಾರ ಎಲ್ಲರೂ ಬಂದರು. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿದ್ದರು. ಕುರ್ಚಿ ಸಾಲದೆ ಕೆಲಸದ ಮೇಜಿನ ಮೇಲೂ ಇಬ್ಬರು ಹುಡುಗರು ಹತ್ತಿ ಕೂತಿದ್ದರು. ಗೋಡೆಯ ಮೇಲೆ ಅಮ್ಮನ ಭಾವಚಿತ್ರ. ತಂಗಿ ಬಂದವಳೇ ಸೂಜಿಯನ್ನು ತಬ್ಬಿಕೊಂಡು, “ಮುಖ ಯಾಕೆ ಹೀಗಿದೆ ಅಕ್ಕ? ಬಿ.ಪಿ. ನೋಡಲಾ?” ಎಂದಳು. “ನಿನ್ನ ಕೈಗೆ ಸಿಕ್ಕರೆ ಇಲ್ಲದ ರೋಗ ಬರುತ್ತೆ, ಸುಮ್ನಿರು” ಎಂದಳು ಸೂಜಿ. ಅಣ್ಣ ಅವಳ ಕಡೆ ನೋಡಿದ. ಅವಳು ಚಹಾ ಲೋಟ ಹಂಚುತ್ತಿದ್ದಳು. ಅವನಿಗೆ ಸ್ವಲ್ಪ ಸಮಾಧಾನವಾದ ಹಾಗೆ ಕಂಡಿತು.

ಅಣ್ಣನ ಮಗಳು ಪುಸ್ತಕ ಬಿಡಿಸಿ ಒಂದೊಂದೇ ಹಾಳೆ ಓದಿದಳು. ತರಗತಿಯಲ್ಲಿ ಓದಿ ಓದಿ ಪಳಗಿದ ದನಿ. ಮುನ್ನೂರ ಇಪ್ಪತ್ತರ ಜೋಕಿಗೆ ಎಲ್ಲರೂ ನಕ್ಕರು. ತಂಗಿಯ ಹಾಳೆ ಬಂದಾಗ ತಂಗಿ ಮೂಗು ಒರೆಸಿಕೊಂಡಳು. ಅಣ್ಣನ ಹಾಳೆ ಕೊನೆಯದಕ್ಕಿಂತ ಹಿಂದಿನದು. ‘ಒಬ್ಬರನ್ನೂ ವಂಚಿಸಲಿಲ್ಲ’ ಎಂದು ಅದು ಮುಗಿಯಿತು.

“ಇನ್ನು ನಮ್ಮ ಅತ್ತೆಯ ಹಾಳೆ” ಎಂದು ಅವಳು ತಿರುಗಿಸಿದಳು. ಹಳದಿಯಾದ, ಅಂಟಿನ ಕಲೆ ಹಿಡಿದ ಕಾಗದ ನೋಡಿ ಒಂದು ಕ್ಷಣ ತಡೆದಳು. ಆಮೇಲೆ ಇದೂ ಅತ್ತೆಯ ಯಾವುದೋ ಚಮತ್ಕಾರವಿರಬೇಕು ಎಂದುಕೊಂಡು ಅದೇ ದನಿಯಲ್ಲಿ ಓದತೊಡಗಿದಳು. ಶಾಲೆಯ ಹೆಸರು. ಅತ್ತೆಯ ಹೆಸರು. ಆಯ್ಕೆ ಮಾಡಲಾಗಿದೆ. ಓದುತ್ತಾ ಓದುತ್ತಾ ದನಿ ಇಳಿಯಿತು. “ಎರಡು ಜೊತೆ ಬಟ್ಟೆ, ಒಂದು ತಟ್ಟೆ, ಒಂದು ಲೋಟ…” ಎನ್ನುವಾಗ ತಂಗಿ ಕೈಯಲ್ಲಿದ್ದ ಚಹಾವನ್ನು ನೆಲಕ್ಕಿಟ್ಟು ಸೂಜಿಯ ಮುಖ ನೋಡಿದಳು. ನೋಡಿಯೇ ಇದ್ದಳು.

“ಇದು ಯಾವಾಗ ಬಂದದ್ದು ಅತ್ತೆ? ನೀವು ಹೋಗಲಿಲ್ವಾ?”

“ಬಂದದ್ದು ನಲವತ್ತೆರಡು ವರ್ಷದ ಕೆಳಗೆ. ನನ್ನ ಕೈಗೆ ಸಿಕ್ಕಿದ್ದು ಮೊನ್ನೆ ಗುರುವಾರ.”

“ಎಲ್ಲಿತ್ತು?”

“ಅಮ್ಮ ಇಟ್ಟಿದ್ದಳು.”

ಇನ್ನೇನನ್ನೂ ಅವಳು ಹೇಳಲಿಲ್ಲ. ಬಾಯಿ ಬಿಡಲ್ಲ ಎಂದು ಅಣ್ಣನಿಗೆ ಕೊಟ್ಟ ಮಾತಿತ್ತು. ಟೀಚರು ಹುಡುಗಿ ಪುಸ್ತಕದಿಂದ ತಲೆಯೆತ್ತಿ ಗೋಡೆಯ ಕಡೆ ನೋಡಿದಳು, ಅಲ್ಲಿಂದ ಅಪ್ಪನ ಕಡೆ. “ಅಜ್ಜಿಗೆ ಓದೋಕೆ ಬರ್ತಿರಲಿಲ್ವಲ್ಲ ಅಪ್ಪ” ಎಂದಳು, ತೀರ ಮೆಲ್ಲಗೆ.

ಅಣ್ಣ ಎದ್ದು ಬಂದು ಮಗಳ ಕೈಯಿಂದ ಪುಸ್ತಕ ಇಸಿದುಕೊಂಡ. “ಇದು ಇಲ್ಲಿ ಬೇಡ ಸೂಜಿ. ನೆನೆಯೋ ದಿನ ಇದು. ತೆಗೆದುಬಿಡು.”

“ತೆಗಿ” ಎಂದಳು ಸೂಜಿ. “ಆದರೆ ನೀನೇ ಹೇಳಿದ್ದೆ, ನಿನ್ನದು ನನ್ನದರ ಜೊತೆ ಜೋಡಿ ಇರಲಿ ಅಂತ. ಇದು ಹೋದರೆ ನಿನ್ನ ಹಾಳೆಯೂ ಉದುರುತ್ತೆ. ಕಾಗದ ಹರಿಯೋದು ಬೇಡ ಅಂದ್ರೆ ದಾರ ಬಿಚ್ಚಬೇಕು, ಆಗ ಎಲ್ಲರದೂ ಬಿಚ್ಚಿಕೊಳ್ಳುತ್ತೆ.”

ಮೇಜಿನ ಮೇಲೆ ಕೂತಿದ್ದ ಹುಡುಗರು ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದ್ದರು. ಅಣ್ಣ ಎರಡು ಹಾಳೆಗಳ ನಡುವಿನ ಮಡಿಕೆಯಲ್ಲಿ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದ. ಮತ್ತೊಮ್ಮೆ, ಸ್ವಲ್ಪ ಬಲವಾಗಿ ಒತ್ತಿದ. ದಾರ ಅಲುಗಲಿಲ್ಲ. ಅಮ್ಮ ಕಲಿಸಿದ ಹೊಲಿಗೆ, ಎಲ್ಲೂ ಸಡಿಲವಿರಲಿಲ್ಲ.